ಶರಣ್ಯಾ ಹೇಳದ ಪಾಸ್‌ವರ್ಡ್

"ಹೇಳಂಗಿಲ್ಲಂದ್ರ ಬ್ಯಾಡ ಬಿಡು," ಎಂದಳು ಮಾಯಾ. "ನಾ ಅಂತೂ ನಂದು ಹೇಳೀನಿ."

"ನಾನು ಕೇಳಲೇ ಇಲ್ಲಲ್ಲ ಮಾರಾಯ್ತಿ. ನೀನೇ ಬಂದು ಕಿವಿಯಲ್ಲಿ ಹೇಳಿದ್ದು," ಎಂದಳು ಶರಣ್ಯಾ.

ಅದು ನಿಜವಾಗಿತ್ತು. ನಿಜವಾಗಿದ್ದುದರಿಂದಲೇ ಮಾಯಾಗೆ ಇನ್ನಷ್ಟು ಸಿಟ್ಟು ಬಂತು.

ಇಬ್ಬರೂ ಕೂತಿದ್ದುದು ಪುಣೆಯ ವಾಕಡದಲ್ಲಿ, ಮಾಯಾಳ ಮಹೇಶ ಕಾಕಾನ ಸೈಬರ್ ಕೆಫೆಯಲ್ಲಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೂಲೆಯ ಕಂಪ್ಯೂಟರು ಇವರಿಬ್ಬರದು. ಇದು 2008ರ ಸಂಕ್ರಾಂತಿಯ ಹೊತ್ತಿನ ಮಾತು. ಆಗ ಎಲ್ಲರೂ ಆರ್ಕುಟ್‌ನಲ್ಲಿದ್ದರು. ಈಗ ಅದು ಮುಚ್ಚಿಹೋಗಿದೆ. ನಿಮ್ಮ ಅಪ್ಪ ಅಮ್ಮನನ್ನು ಕೇಳಿದರೆ ಒಂದು ನಿಟ್ಟುಸಿರು ಬಿಟ್ಟು ಹೇಳುತ್ತಾರೆ.

ಆರ್ಕುಟ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಕ್ರ್ಯಾಪ್‌ಬುಕ್. ಅಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಗುಟ್ಟಿನ ಮಾತಿಗೆ ಬೇರೆ ಮೆಸೇಜ್ ಇತ್ತು. ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಇತ್ತು. ಹಾಗಾಗಿ ಆರನೇ ಕ್ಲಾಸಿನ ಬಿ ಸೆಕ್ಷನ್ನಿನವರೆಲ್ಲ ಆರ್ಕುಟ್‌ನಲ್ಲಿ ಹತ್ತೊಂಬತ್ತು ವರ್ಷದವರಾಗಿದ್ದರು. ಅವರಲ್ಲಿ ಕೆಲವರಿಗೆ ಇನ್ನೂ ಹಾಲುಹಲ್ಲು ಬೀಳುವುದು ಬಾಕಿ ಇತ್ತು.

ಆ ವರ್ಷ ಕ್ಲಾಸಿನಲ್ಲಿ ಹೊಸ ಖಯಾಲಿ ಶುರುವಾಗಿತ್ತು. ಫ್ರೆಂಡ್‌ಶಿಪ್ ಬ್ಯಾಂಡ್ ಹಳತಾಯಿತು. ಬೆಸ್ಟ್ ಫ್ರೆಂಡ್ ಎಂದರೆ ಈಗ ಪಾಸ್‌ವರ್ಡ್ ಕೊಡಬೇಕು. ಮಾಯಾ ಕೊಟ್ಟಿದ್ದಳು. ಶರಣ್ಯಾ ಕೊಡಲಿಲ್ಲ.

"ಪಾಸ್‌ವರ್ಡ್ ಹೇಳದಾಕಿ ಎಂಥಾ ಫ್ರೆಂಡ್?" ಎಂದು ಮಾಯಾ ಬ್ಯಾಗು ಎತ್ತಿಕೊಂಡಳು.

"ಎಲ್ಲ ಹೇಳ್ತೇನೆ ನಿನಗೆ. ಅದೊಂದು ಬೇಡ."

"ಅದೊಂದೇ ಬೇಕಾಗ್ಯದ ನಂಗ," ಎಂದು ಮಾಯಾ ಹೊರಟೇಹೋದಳು. ಅದು ತನ್ನ ಕಾಕಾನದೇ ಕೆಫೆ, ಹೊರಗೆ ಹೋಗಬೇಕಾದವಳು ತಾನಲ್ಲ ಎಂಬುದು ರಸ್ತೆ ದಾಟಿದ ಮೇಲೆ ಹೊಳೆಯಿತು. ಆದರೆ ಮತ್ತೆ ಒಳಗೆ ಹೋದರೆ ಸಿಟ್ಟಿಗೆ ಏನು ಬೆಲೆ ಉಳಿಯುತ್ತದೆ?

ಈ ಇಬ್ಬರ ಸ್ನೇಹ ಸಣ್ಣದಲ್ಲ. ಮಾಯಾಳ ಮನೆಯವರು ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಶರಣ್ಯಾಳ ಅಪ್ಪ ಸಂಕಪ್ಪ ಕುಂದಾಪುರದ ಕಡೆಯವರು, ವಾಕಡದ ಚೌಕದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಮಾಯಾ 'ಅದ' ಎಂದರೆ ಶರಣ್ಯಾ 'ಉಂಟು' ಎನ್ನುತ್ತಿದ್ದಳು. ಇವರು ಎರಡು ಬೇರೆ ಬೇರೆ ಭಾಷೆ ಮಾತಾಡುತ್ತಾರೆ ಎಂದೇ ಕ್ಲಾಸಿನವರು ತಿಳಿದಿದ್ದರು.

ಮರುದಿನ ಮಾಯಾ ಮೂರನೇ ಬೆಂಚಿನ ಇಂದೂಳ ಹತ್ತಿರ ಹೋಗಿ ಕೂತಳು. ಇಂದೂ ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡೂ ಬಲ್ಲವಳು.

"ನನ್ನ ಬೆಸ್ಟ್ ಫ್ರೆಂಡ್ ಆಗ್ತಿ?" ಎಂದು ಮಾಯಾ ಕೇಳಿದಳು.

"ಆಗ್ತೀನಿ. ಪಾಸ್‌ವರ್ಡ್ ಕೊಡ್ತಿ?"

ಮಾಯಾ ಶರಣ್ಯಾಗೆ ಕಾಣುವ ಹಾಗೆ, ಬೇಕೆಂದೇ, ಇಂದೂಳ ಕಿವಿಯಲ್ಲಿ ಹೇಳಿದಳು. ಇಂದೂ ತನ್ನದನ್ನೂ ಹೇಳಿದಳು. ಮಾಯಾಳ ಪಾಸ್‌ವರ್ಡ್ ಏನೆಂದು ನಾನಿಲ್ಲಿ ಬರೆಯುವುದಿಲ್ಲ. ಇನ್ನೂ ಒಬ್ಬರಿಗೆ ಗೊತ್ತಾಗುವುದು ಯಾಕೆ?

ಸೋಮವಾರ ಮಾಯಾ ಶಾಲೆಗೆ ಬಂದಾಗ ಕ್ಲಾಸಿನಲ್ಲಿ ನಗೆಯೋ ನಗೆ. ಹುಡುಗರು ಎರಡು ಬೆರಳು ಹಣೆಯ ಮೇಲಿಟ್ಟು ಮೀಸೆಯಂತೆ ಅಲ್ಲಾಡಿಸುತ್ತಿದ್ದರು. "ಝುರಳ್, ಝುರಳ್," ಎಂದು ಮರಾಠಿಯಲ್ಲಿ ಜಿರಳೆಯನ್ನು ಕರೆಯುತ್ತಿದ್ದರು. ಅವರು ಕರೆಯುತ್ತಿದ್ದುದು ಶರಣ್ಯಾಳನ್ನು.

ಶರಣ್ಯಾ ಅಳಲಿಲ್ಲ. ಮಾಯಾಳ ಮುಖವನ್ನು ಒಮ್ಮೆ ನೋಡಿದಳು, ಪುಸ್ತಕ ತೆಗೆದುಕೊಂಡು ಕೊನೆಯ ಬೆಂಚಿಗೆ ಹೋದಳು. ಸಿಟ್ಟು ಮಾಡಿಕೊಂಡಿದ್ದರೆ ಮಾಯಾಗೆ ಅಭ್ಯಾಸವಿತ್ತು. ಇದು ಸಿಟ್ಟಲ್ಲ, ಬೇರೆ ಏನೋ.

"ಏನಾಗ್ಯದ?" ಎಂದು ಮಾಯಾ ಇಂದೂಳನ್ನು ಕೇಳಿದಳು.

"ನೀನೇ ಬರ್ದಿ, ನನ್ನ ಕೇಳ್ತಿ?" ಎಂದು ಇಂದೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅರೇ, ಮಜಾಕ್ ಯಾರ್. ನಾನೂ ನಮ್ಮಕ್ಕನೂ ಕೂಡಿ ಬರದ್ವಿ. ಪಾಸ್‌ವರ್ಡ್ ಬೇರೆ ಇಟ್ಟೀವಿ, ಇನ್ನಾ ಮಜಾ ಬರ್ತದ ಅಂತ."

"ನನ್ನ ಹೆಸರಿಲೆ?"

"ನೀನೇ ಕೊಟ್ಟಿ ಅಲಾ."

ಇದೂ ನಿಜವಾಗಿತ್ತು. ಆ ವಾರ ನಿಜಗಳೆಲ್ಲ ಮಾಯಾಳ ವಿರುದ್ಧವೇ ಇದ್ದವು.

ಶಾಲೆ ಬಿಟ್ಟೊಡನೆ ಅವಳು ಕೆಫೆಗೆ ಓಡಿದಳು. ತನ್ನ ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದಿತು ಕಂಪ್ಯೂಟರು. ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಮತ್ತೆ ತಪ್ಪು. ತನ್ನ ಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿದೆ, ಒಳಗೆ ಯಾರೋ ತನ್ನ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಅವಳಿಗೆ ಭಯವಾಯಿತು.

"ಕಾಕಾ," ಎಂದಳು.

ಮಹೇಶ ಕಾಕಾ ತನ್ನ ಖಾತೆಯಿಂದ ಆರ್ಕುಟ್ ತೆರೆದು ನೋಡಿದ. "ಮಾಯಾ, ಹತ್ತೊಂಬತ್ತು ವರ್ಷ," ಎಂದು ಗಟ್ಟಿಯಾಗಿ ಓದಿದ. "ಭೇಷ್. ನಾಳಿನೇ ವರ ನೋಡ್ಲಕ ಹೋಗ್ತೀನಿ ತಡಿ."

ಆಮೇಲೆ ಶರಣ್ಯಾಳ ಸ್ಕ್ರ್ಯಾಪ್‌ಬುಕ್ ತೆರೆದ. ಅದನ್ನು ಓದಿ ಮುಗಿಸಿದಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಬರೆದಿತ್ತು. 'ನಿಮ್ಮ ಹೋಟೆಲಿನ ಜಿರಳೆ ಸಾಂಬಾರಿನಲ್ಲಿ ಈಜು ಕಲಿಯಿತೇ? ನೀನು ಟೇಬಲ್ಲಿನಿಂದ ಇಳಿದೆಯಾ, ಇನ್ನೂ ಅಲ್ಲೇ ಕಿರುಚುತ್ತಿದ್ದೀಯಾ?' ಪಕ್ಕದಲ್ಲಿ ಮಾಯಾಳ ಹೆಸರು, ಮಾಯಾಳ ಫೋಟೋ.

ಅಡುಗೆಮನೆಯಲ್ಲಿ ಎಂದೋ ಒಂದು ಜಿರಳೆ ಬಂದದ್ದು, ಶರಣ್ಯಾ ಟೇಬಲ್ ಹತ್ತಿ ಕಿರುಚಿದ್ದು, ಅಪ್ಪ ನಕ್ಕಿದ್ದು, ಇದನ್ನೆಲ್ಲ ಅವಳು ಗುಟ್ಟಿನ ಮೆಸೇಜಿನಲ್ಲಿ ಮಾಯಾಗೆ ಮಾತ್ರ ಬರೆದಿದ್ದಳು. 'ಯಾರಿಗೂ ಹೇಳಬೇಡ, ಆಯ್ತಾ' ಎಂದೂ ಬರೆದಿದ್ದಳು. ಮಾಯಾ ಯಾರಿಗೂ ಹೇಳಿರಲಿಲ್ಲ. ಆದರೆ ತನ್ನ ಬೀಗದ ಕೈ ಕೊಡುವಾಗ ಒಳಗೆ ಶರಣ್ಯಾಳ ಸಾಮಾನೂ ಇದೆ ಎಂಬುದು ಅವಳ ತಲೆಗೆ ಬಂದಿರಲಿಲ್ಲ.

ಮಾಯಾಳ ಇಮೇಲನ್ನು ಮಾಡಿಕೊಟ್ಟವನು ಕಾಕಾನೇ. ಪಾಸ್‌ವರ್ಡ್ ಮರೆತಾಗ ಅದು ಕೇಳುವ ಪ್ರಶ್ನೆಯ ಉತ್ತರ ಅವನಿಗೆ ಗೊತ್ತಿತ್ತು. ಹಾಗಾಗಿ ಖಾತೆ ವಾಪಸು ಸಿಕ್ಕಿತು. "ಇದು ಮುಚ್ಚೂಣು," ಎಂದ ಕಾಕಾ. "ಖರೇ ಹತ್ತೊಂಬತ್ತು ಆದಾಗ ಬಾ." ಮಾಯಾ ತಲೆ ಆಡಿಸಿದಳು. "ಶರಣ್ಯಾನ ಸ್ಕ್ರ್ಯಾಪ್‌ಬುಕ್ಕಿನ್ಯಾಗ ಇದ್ದದ್ದು ಆಕಿನೇ ಅಳಸಬೇಕು. ಮಂದಿ ತಲ್ಯಾಗ ಇದ್ದದ್ದು ಯಾರು ಅಳಸ್ತಾರೋ ಗೊತ್ತಿಲ್ಲ ನೋಡವ್ವ."

ಮಾಯಾ ಮನೆಗೆ ಬಂದು ಮೂಲೆಯಲ್ಲಿ ಮುದುಡಿಕೊಳ್ಳಬೇಕೆಂದಿದ್ದಳು. ಆದರೆ ಅಂಬಾಬಾಯಿ ಅಜ್ಜಿ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ತಯಾರಾಗಿ ನಿಂತಿದ್ದಳು. ಮೇಲಿನ ಮನೆಯ ಮಾಲಕಿ ಕಸ್ಪಟೆ ಕಾಕೂ ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಅಜ್ಜಿಯ ಮರಾಠಿ ಎಂದರೆ ಹೌದು ಎನ್ನಲು 'ಹೋ', ಇಲ್ಲ ಎನ್ನಲು 'ನಾಹೀ', ಅಷ್ಟೇ. ಅದನ್ನೂ ಒಮ್ಮೊಮ್ಮೆ ಅದಲುಬದಲು ಮಾಡುತ್ತಿದ್ದಳು.

"ಏಳು, ನೀ ಇಲ್ಲಂದ್ರ ನಾ ಮೂಕಿ ಆಗ್ತೀನಿ," ಎಂದು ಮೊಮ್ಮಗಳನ್ನು ಎಳೆದುಕೊಂಡೇ ಹೋದಳು.

ಮೇಲೆ ಹೆಂಗಸರು ಸುತ್ತ ಕೂತು ಒಬ್ಬೊಬ್ಬರಾಗಿ ಗಂಡನ ಹೆಸರು ಸೇರಿಸಿ, ನಮ್ಮ ಕಡೆಯ ಒಡಪಿನಂಥ ಪ್ರಾಸದ ಸಾಲು ಹೇಳುತ್ತಿದ್ದರು. ಪುಣೆಯಲ್ಲಿ ಅದು ದೊಡ್ಡ ಗಮ್ಮತ್ತು. ಹೊಸದಾಗಿ ಮದುವೆಯಾದವರು ನಾಚಿ ಹೇಳುತ್ತಾರೆ, ಹಳಬರು ಗಂಡನ ಕಾಲೆಳೆಯುತ್ತ ಹೇಳುತ್ತಾರೆ. ಸರದಿ ಅಜ್ಜಿಯ ಬಳಿ ಬಂತು.

"ಆಜೀ, ನಾವ್ ಘ್ಯಾ ನಾ," ಎಂದರು ಕಸ್ಪಟೆ ಕಾಕೂ.

"ಹೆಸರು ಹೇಳು ಅಂತಾರ, ಅಜ್ಜಿ," ಎಂದಳು ಮಾಯಾ.

ಅಜ್ಜಿ ನಗುತ್ತ ತಲೆ ಅಲ್ಲಾಡಿಸಿದಳು. ಅವರು ಬಿಡಲಿಲ್ಲ. ಅಜ್ಜಿ ಬಗ್ಗಲಿಲ್ಲ. ಕೊನೆಗೆ ಒಬ್ಬಳು ಸಣ್ಣ ವಯಸ್ಸಿನವಳು ಏನೋ ಹೇಳಿದಳು, ಎಲ್ಲರೂ ನಕ್ಕರು.

"ಏನಂತಾಳ ಆಕಿ?" ಎಂದಳು ಅಜ್ಜಿ.

ಮಾಯಾ ಸ್ವಲ್ಪ ತಡೆದಳು. "ಹೆಸರೇ ಹೇಳಲ್ಲಂದ್ರ ನಿಂಗ ಅಜ್ಜನ ಮ್ಯಾಲ ಪ್ರೀತಿನೇ ಇಲ್ಲ ಅಂತ."

"ಹೌದೇನು?" ಎಂದಳು ಅಜ್ಜಿ, ಸ್ವಲ್ಪವೂ ಬೇಸರವಿಲ್ಲದೆ. "ಎಳ್ಳುಂಡಿ ಭಾಳ ಛಲೋ ಆಗ್ಯಾವ ಅಂತ ಹೇಳು."

ಮಾಯಾ ಹಾಗೇ ಮರಾಠಿಯಲ್ಲಿ ಹೇಳಿದಳು. ಅಜ್ಜಿಗೆ ಇನ್ನೆರಡು ಎಳ್ಳುಂಡೆ ಬಂದವು, ಸರದಿ ಮುಂದಿನವರಿಗೆ ಹೋಯಿತು.

ಮೆಟ್ಟಿಲಿಳಿಯುವಾಗ ಮಾಯಾ ಕೇಳಿದಳು. "ಹೇಳಿದ್ರ ಏನಾಗ್ತಿತ್ತು ಅಜ್ಜಿ?"

"ಏನೂ ಆಗ್ತಿರ್ಲಿಲ್ಲ."

"ಮತ್ತ?"

"ಲಗ್ನದಾಗ ಒಮ್ಮೆ ಒಡಪು ಹಾಕಿ ಹೇಳೀನಿ. ನಿಮ್ಮಜ್ಜಗ ಕೇಳ್ಯದ. ಊರ ಮಂದಿಗಿ ಯಾಕ ಬೇಕವ್ವ ಅದು?"

ಕೆಳಗೆ ತರಕಾರಿ ಗಾಡಿಯ ಸುತ್ತ ಗುಂಪಿತ್ತು. ಅಜ್ಜ ಆ ಗುಂಪಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅಜ್ಜಿ ದೊಡ್ಡ ದನಿ ಮಾಡಲಿಲ್ಲ. "ಏನ್ರಿ, ಇಕಾ," ಎಂದಳು, ಅಷ್ಟೇ. ಬೇರೆ ಯಾರೂ ತಿರುಗಲಿಲ್ಲ. ಅಜ್ಜ ತಿರುಗಿದ, ಮೆಂತ್ಯದ ಸೂಡು ಎತ್ತಿ ತೋರಿಸಿದ. ಅಜ್ಜಿ ಬೇಡವೆಂದು ಕೈಮಾಡಿದಳು.

"ಅಜ್ಜಾ, ಅಜ್ಜಿ ನಿನ್ನ ಹೆಸರು ಹೇಳಲ್ಲಲ್ಲ, ನಿಂಗ ಕೆಟ್ಟ ಅನಸಲ್ಲೇನು?" ಎಂದು ಮಾಯಾ ಅವನ ಕೈ ಹಿಡಿದು ಕೇಳಿದಳು.

ಅಜ್ಜ ಕಟ್ಟಡದ ಸೈಟಿನಲ್ಲಿ ವಾಚ್‌ಮನ್ ಆಗಿದ್ದ. "ಸೈಟಿನ್ಯಾಗ ದಿನಾ ಒದರ್ತಾರ," ಎಂದ. "ಗೇಟ್ ತೆಗಿಲಕ ಗುರಣ್ಣ, ನೀರಿಗಿ ಗುರಣ್ಣ, ನಾಯಿ ಬಂದ್ರೂ ಗುರಣ್ಣ. ಹೆಸರು ಯಾರ್ಯಾರದೋ ಬಾಯಾಗ ಬಿದ್ದಾದ. ಹಿಂಗ ಕರಿಯಾಕಿ ಒಬ್ಬಾಕಿನೇ."

ಅಜ್ಜಿ ಕೇಳಿಸದವಳಂತೆ ಮುಂದೆ ನಡೆದಳು. ಅವಳ ಕಿವಿ ಮಾತ್ರ ಕೆಂಪಾಗಿತ್ತು.

'ಪಾಸ್‌ವರ್ಡ್ ಹೇಳದಾಕಿ ಎಂಥಾ ಫ್ರೆಂಡ್' ಎಂದು ತಾನು ಅಂದದ್ದು ಮನೆಯವರೆಗೂ ಮಾಯಾಳ ಕಿವಿಯಲ್ಲಿ ಕೂತುಬಿಟ್ಟಿತ್ತು.

ಮರುದಿನ ಸಂಜೆ ಅವಳು ಹೋಟೆಲಿಗೆ ಹೋದಳು. ಗಲ್ಲಾಪೆಟ್ಟಿಗೆಯ ಹಿಂದೆ ಸಂಕಪ್ಪ ಕೂತಿದ್ದರು.

"ಓ, ಮಾಯಾ. ಎಂತ, ಕಾಣ್ಲಿಕ್ಕೇ ಇಲ್ಲ? ನಮ್ಮ ಜಿರಳೆಗೆ ಹೆದರಿದ್ದಾ?" ಎಂದು ನಕ್ಕರು. ನಗೆ ಅರ್ಧಕ್ಕೇ ನಿಂತಿತು. "ಯಾರೋ ಮಕ್ಕಳು ಕಂಪ್ಯೂಟರಿನಲ್ಲಿ ಬರ್ದದ್ದಂತೆ. ನಿನ್ನೆ ಇಬ್ಬರು ಗಿರಾಕಿ ಕೇಳಿಯೇ ಬಿಟ್ಟರು. ಬನ್ನಿ ನೋಡಿ ಅಂತ ಅಡುಗೆಮನೆ ತೋರಿಸಿದೆ. ಇಷ್ಟು ವರ್ಷದಲ್ಲಿ ಹಾಗೆ ತೋರಿಸಿದ್ದು ಮೊದಲು ಮಾರಾಯ್ತಿ. ಬೇಜಾರಾಯ್ತು."

ಮಾಯಾ ನೆಲ ನೋಡಿದಳು.

"ಯಾರು ಬರ್ದದ್ದು ಅಂತ ಇವಳನ್ನು ಕೇಳಿದರೆ ಬಾಯಿಯೇ ಬಿಡುದಿಲ್ಲ. ಅವಳ ಅಮ್ಮ ಕೇಳಿಯಾಯ್ತು, ನಾನು ಗದರಿಸಿಯಾಯ್ತು. ಹೆಸರು ಮಾತ್ರ ಹೇಳುದಿಲ್ಲ."

ಮಾಯಾಳ ಕಣ್ಣು ತುಂಬಿಬಂತು. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಶರಣ್ಯಾ ಹೇಳಿರಲಿಲ್ಲ.

"ನನ್ನ ಹೆಸರ್ರಿ ಅದು, ಅಂಕಲ್," ಎಂದಳು. "ಬರೆದಾಕಿ ನಾ ಅಲ್ಲ. ಆದ್ರ ನನ್ನ ಪಾಸ್‌ವರ್ಡ್ ನಾನೇ ಬ್ಯಾರೆಯವರಿಗಿ ಕೊಟ್ಟೀನಿ. ಶರಣ್ಯಾನ ಮಾತು ಅದ್ರಾಗೇ ಇತ್ತು."

ಸಂಕಪ್ಪ ಚಿಲ್ಲರೆಯನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕಿದರು. "ನನಗಲ್ಲ," ಎಂದರು ಕೊನೆಗೆ. "ಅವಳಿಗೆ ಹೇಳು."

ಹೇಳಬೇಕಾಗಲಿಲ್ಲ. ಶರಣ್ಯಾ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನೀನೇ ಬರ್ದದ್ದು ಅಂತ ಗ್ರಹಿಸಿದ್ದೆ," ಎಂದಳು.

"ತಪ್ಪಾಯ್ತು."

"ನನಗೆ ಇನ್ನೂ ಸಿಟ್ಟುಂಟು."

"ಇರ್ಲಿ."

"ನಾಳೆವರೆಗೂ ಇರ್ತದೆ."

"ಇರ್ಲಿ. ಈಗ ಕಾಕಾನ ಕಡಿ ಹೋಗಿ ಅದನ್ನ ಅಳಸೂಣು ಬಾ."

ಇಬ್ಬರೂ ರಸ್ತೆಯಲ್ಲಿ ಒಂದು ಮಾರು ದೂರ ಇಟ್ಟುಕೊಂಡೇ ನಡೆದರು. ಕೆಫೆಯ ಮೂಲೆಯಲ್ಲಿ ಕೂರುವಾಗ ಮಾತ್ರ ಇದ್ದದ್ದು ಒಂದೇ ಬೆಂಚು, ಹತ್ತಿರ ಕೂರಲೇಬೇಕಾಯಿತು. ಆರ್ಕುಟ್ ತೆರೆಯಿತು. ಶರಣ್ಯಾ ಹೆಸರು ಒತ್ತಿದಳು. ಆಮೇಲೆ ಅವಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಆ ಕಡೆ ತಿರುಗು ಎಂದು ಹೇಗೆ ಹೇಳುವುದು ಎಂದು ಅವಳು ಯೋಚಿಸುತ್ತಿರುವಂತೆ ಕಂಡಿತು.

ಮಾಯಾ ಅಷ್ಟರಲ್ಲೇ ಪೂರ್ತಿ ತಿರುಗಿ ರಸ್ತೆಯ ಕಡೆ ಮುಖ ಮಾಡಿದ್ದಳು.

ಹೊರಗೆ ನೋಡಲು ವಿಶೇಷವೇನೂ ಇರಲಿಲ್ಲ. ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತಿತ್ತು. ಮಾಯಾ ಅದನ್ನೇ ಬಹಳ ಗಮನವಿಟ್ಟು ನೋಡಿದಳು.

"ಅಲ್ಲೇನದ ಅಂತ ನೋಡ್ಲಕತ್ತೀದಿ?" ಎಂದ ಕಾಕಾ.

"ಏನಿಲ್ಲ, ಟ್ಯಾಂಕರ್," ಎಂದಳು ಮಾಯಾ.

ಬೆನ್ನ ಹಿಂದೆ ಕೀಲಿಗಳ ಸದ್ದು ನಿಧಾನವಾಗಿ ಶುರುವಾಯಿತು. ಸದ್ದು ನಿಂತ ಮೇಲೂ ಅವಳು ತಿರುಗಲಿಲ್ಲ. ಶರಣ್ಯಾ ಅದನ್ನು ಅಳಿಸಿ ಮುಗಿಸಿ ಅವಳ ಜಡೆಯನ್ನು ಮೆಲ್ಲನೆ ಎಳೆಯುವವರೆಗೂ ಹಾಗೇ ಕೂತಿದ್ದಳು.