ಪೈಲ್ವಾನನ ಊಟ

“ಒಂದೇ ಒಂದು ತುಂಡು ತಿನ್ನೋ, ನನ್ನ ರಾಜ,” ಎನ್ನುತ್ತ ಓಯ್ದಿನ್ ಪಂಜರದ ಕಂಬಿಗಳ ನಡುವೆ ಕ್ಯಾರೆಟ್ ತೂರಿಸಿದಳು.

ಗಿಣಿ ಪೈಲ್ವಾನ ಮುಖ ತಿರುಗಿಸಿದ. ರೆಕ್ಕೆ ಉಬ್ಬಿಸಿಕೊಂಡು ಪಂಜರದ ತಳದಲ್ಲೇ ಕುಳಿತಿದ್ದ. ಬಟ್ಟಲಿನಲ್ಲಿ ಕ್ಯಾರೆಟ್, ಸೊಪ್ಪು, ಬೇಯಿಸಿದ ಮೊಟ್ಟೆ, ಎಲ್ಲ ಬೆಳಿಗ್ಗೆ ಇಟ್ಟ ಹಾಗೇ ಇದ್ದವು. ನಿನ್ನೆಯದೂ ಹೀಗೇ ಉಳಿದಿತ್ತು.

“ಓಯ್ದಿನ್, ಫೋನು. ಸೋಬಿರಾ ಅಜ್ಜಿ,” ಎಂದು ಅಮ್ಮ ಮುಂದಿನ ಕೋಣೆಯಿಂದ ಕೂಗಿದಳು.

ಓಯ್ದಿನ್ ಕ್ಯಾರೆಟ್ ಅಲ್ಲೇ ಬಿಟ್ಟು ಎದ್ದಳು.

ಸೋಬಿರಾ ಅಜ್ಜಿ ಸಮರಖಂಡದ ಅವರ ಬೀದಿಯ ಬಸ್‌ಸ್ಟಾಪಿನಲ್ಲಿ ಸೂರ್ಯಕಾಂತಿ ಬೀಜ ಮಾರುತ್ತಿದ್ದವಳು. ಗಿಣಿ ಯಾವಾಗಲೂ ಅವಳ ಹೆಗಲ ಮೇಲೆ. ಅಜ್ಜಿಗೊಂದು ಬೀಜ, ಅವನಿಗೊಂದು ಬೀಜ. ಹಾಗೆ ತಿಂದು ತಿಂದು ದುಂಡಗಾಗಿದ್ದಕ್ಕೇ ಅವನಿಗೆ ಪೈಲ್ವಾನ ಎಂಬ ಹೆಸರು ಬಂದದ್ದು. ಮಂಡಿ ನೋವು ಜಾಸ್ತಿಯಾಗಿ ಅಜ್ಜಿ ತಾಷ್ಕೆಂಟಿನ ಮಗಳ ಮನೆಗೆ ಹೋಗಬೇಕಾಯಿತು. ಅಲ್ಲಿ ಬೆಕ್ಕು ಇದೆ. ಅದಕ್ಕೇ ಹೋಗುವ ಮೊದಲು ಪಂಜರವನ್ನು ಓಯ್ದಿನಳ ಕೈಗೆ ಕೊಟ್ಟಿದ್ದಳು.

“ನಮ್ ಪೈಲ್ವಾನ ಚೆನ್ನಾಗಿ ತಿಂತಾನಾ ಮಗಳೇ?”

“ಹೂಂ ಅಜ್ಜಿ. ತಿಂತಾನೆ.”

ಓಯ್ದಿನ್ ಬೇಗ ಫೋನ್ ಇಟ್ಟುಬಿಟ್ಟಳು.

ತಪ್ಪು ಎಲ್ಲಿ ಆಯಿತೆಂದು ಓಯ್ದಿನಳಿಗೆ ಗೊತ್ತೇ ಆಗಲಿಲ್ಲ. ಹೋದ ವಾರ ಪ್ರಾಣಿ ಡಾಕ್ಟರು ಗಿಣಿಯ ಹೊಟ್ಟೆ ಮುಟ್ಟಿ ನೋಡಿ, “ಇದು ಗಿಣೀನೋ, ಬೀಜದ ಮೂಟೆನೋ? ಲಿವರ್‌ನಲ್ಲಿ ಕೊಬ್ಬು ಸೇರಿದೆ. ಬರೀ ಬೀಜ ತಿಂದ್ರೆ ಜಾಸ್ತಿ ದಿನ ಬದುಕಲ್ಲ. ಸ್ವಲ್ಪ ಸ್ವಲ್ಪವಾಗಿ ಬೀಜ ಕಮ್ಮಿ ಮಾಡಿ, ತರಕಾರಿ ಜಾಸ್ತಿ ಮಾಡಮ್ಮ,” ಎಂದಿದ್ದರು.

ಓಯ್ದಿನ್ ಒಳ್ಳೆಯ ಹುಡುಗಿಯೇ. ಆದರೆ ‘ಸ್ವಲ್ಪ ಸ್ವಲ್ಪವಾಗಿ’ ಎಂಬ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಹೊರಗೆ ಹೋಗಿತ್ತು. ಮೊನ್ನೆ ಅವಳು ಬೀಜದ ಬಟ್ಟಲನ್ನೇ ತೆಗೆದುಬಿಟ್ಟಳು. ಮನೆಯವರೆಲ್ಲ ಸಂಜೆ ಟೀವಿ ನೋಡುತ್ತ ಬೀಜ ಸುಲಿದು ತಿನ್ನುವವರು. ಅದನ್ನು ಕಂಡು ಪೈಲ್ವಾನನಿಗೆ ಆಸೆಯಾಗದಿರಲಿ ಎಂದು ಪಂಜರವನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಅಲ್ಲಿ ಅವನೊಬ್ಬನೇ. ಜೊತೆಗೆ ಚಳಿ.

ಅಣ್ಣ ಬಹೋದಿರ್ ಬಾಗಿಲಲ್ಲಿ ಇಣುಕಿದ. “ಏನೇ, ನಿನ್ ಪೈಲ್ವಾನ ಗುಬ್ಬಿ ಆಗೋದ್ನಲ್ಲೇ.”

ತಂಗಿಯ ಕಣ್ಣು ತುಂಬಿದ್ದನ್ನು ನೋಡಿ ಅವನ ನಗು ಅಲ್ಲೇ ನಿಂತಿತು. ಹತ್ತಿರ ಬಂದು ಬಗ್ಗಿ ನೋಡಿದ. “ಅಮ್ಮಾ, ಬೇಗ ಬಾ. ಇವನಿಗೆ ಏನೋ ಆಗಿದೆ.”

ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಬೈದದ್ದು ಎಲ್ಲರಿಗೂ ಕೇಳಿಸಿತು.

“ಒಂದೇ ಸಲ ನಿಲ್ಲಿಸು ಅಂದೋರು ಯಾರು? ಈಗ್ಲೇ ಬೀಜ ಹಾಕಿ. ಬೆಚ್ಚಗಿಡಿ. ಬೆಳಿಗ್ಗೆ ಬಾಗಿಲು ತೆಗೀತಿದ್ದ ಹಾಗೆ ಕರ್ಕೊಂಡು ಬನ್ನಿ. ಅಲ್ಲೀವರೆಗೆ ಅದರ ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕು.”

ಪಂಜರ ಮುಂದಿನ ಕೋಣೆಗೆ, ಹೀಟರಿನ ಹತ್ತಿರ ಬಂತು. ಓಯ್ದಿನ್ ಬೀಜ ಹಾಕಿದಳು. ಪೈಲ್ವಾನ ಒಂದನ್ನು ಕೊಕ್ಕಿನಲ್ಲಿ ಎತ್ತಿ, ಸುಮ್ಮನೆ ಬೀಳಿಸಿದ. ಪ್ರಾಣ ಕೊಡುವಷ್ಟು ಇಷ್ಟದ ಬೀಜವನ್ನೂ ಬೇಡವೆಂದ.

“ನಾನೇ ಸಾಯಿಸ್ಬಿಟ್ಟೆ ಅಮ್ಮಾ,” ಎಂದಳು ಓಯ್ದಿನ್.

“ಸುಮ್ನಿರು. ಇನ್ನೂ ಉಸಿರಾಡ್ತಾ ಇದಾನೆ. ಬಾ, ಊಟಕ್ಕೆ ಕೂತ್ಕೋ.”

ಊಟಕ್ಕೆಂದು ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಪಲಾವಿನ ತಟ್ಟೆಗಳು ಬಂದವು. ಓಯ್ದಿನ್ ಅಭ್ಯಾಸದಂತೆ ಕ್ಯಾರೆಟ್ಟನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ತಳ್ಳಿದಳು. ಊಟ ತನ್ನಿಚ್ಛೆ ಎನ್ನುವ ಗಾದೆ ಅವಳಿಗೆ ಮಾತ್ರ, ಪೈಲ್ವಾನನಿಗಲ್ಲ. ಆದರೆ ಇವತ್ತು ಅನ್ನವನ್ನೂ ಮುಟ್ಟಲಿಲ್ಲ.

ತಲೆ ಬಿಸಿಯಾದಾಗ ಬಹೋದಿರನ ಕೈ ಜೇಬಿಗೆ ಹೋಗುತ್ತದೆ. ಅವನು ಒಂದು ಬೀಜ ತೆಗೆದು ಹಲ್ಲಿನಲ್ಲಿ ಕಚ್ಚಿದ. ಟಕ್.

ಪೈಲ್ವಾನ ತಲೆ ಎತ್ತಿದ.

ಬಹೋದಿರ್ ಇನ್ನೊಂದನ್ನು ಕಚ್ಚಿದ. ಪೈಲ್ವಾನ ನಿಧಾನವಾಗಿ ಬಟ್ಟಲಿಗೆ ಬಗ್ಗಿ, ಒಂದು ಬೀಜ ಎತ್ತಿ, ಸಿಪ್ಪೆ ಒಡೆದು ನುಂಗಿದ. ಅಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಬಹೋದಿರ್ ನಿಲ್ಲಿಸಿದ. ಗಿಣಿಯೂ ನಿಲ್ಲಿಸಿತು. ಅವನು ತಿಂದ. ಅದೂ ತಿಂದಿತು.

“ಇದೇನು, ನನ್ನೇ ಕಾಪಿ ಹೊಡೀತಾನಲ್ಲ,” ಎಂದು ಬಹೋದಿರ್ ಪಿಸುಗುಟ್ಟಿದ.

ಅಜ್ಜಿಗೊಂದು, ಅವನಿಗೊಂದು. ಓಯ್ದಿನಳಿಗೆ ಬಸ್‌ಸ್ಟಾಪ್ ನೆನಪಾಯಿತು. ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇದ್ದದ್ದೂ ನೆನಪಾಯಿತು. ಅವಳು ತನ್ನ ತಟ್ಟೆಯ ಅಂಚನ್ನು ನೋಡಿದಳು.

“ಅಮ್ಮಾ, ಪಲಾವಿಂದು ಅವನಿಗೆ ಆಗಲ್ಲ ಅಲ್ವಾ? ಹಸಿ ಕ್ಯಾರೆಟ್ ಕೊಡು. ಎರಡು ಪಾಲು ಮಾಡು.”

“ಎರಡಾ? ಇನ್ನೊಂದು ಯಾರಿಗೆ?”

ಓಯ್ದಿನ್ ಒಂದು ಪಾಲು ಬೀಜದ ಪಕ್ಕ ಇಟ್ಟು, ಇನ್ನೊಂದರಿಂದ ದೊಡ್ಡ ತುಂಡು ಕಚ್ಚಿದಳು. ಮುಖ ಕಿವುಚಿಕೊಂಡಿತು. ಪೈಲ್ವಾನ ಅವಳ ಬಾಯನ್ನೇ ನೋಡುತ್ತಿದ್ದ. ಮುಖ ಸರಿಮಾಡಿಕೊಂಡು ಇನ್ನೊಂದು ಕಚ್ಚಿದಳು. ಕರುಂ, ಕರುಂ.

ಗಿಣಿ ಒಂದು ಚೂರು ಎತ್ತಿತು. ಉಗುಳಿತು. ಅವಳು ಬಿಡದೆ ಅಗಿದಳು. ಅದು ಮತ್ತೆ ಎತ್ತಿತು, ಕೊಕ್ಕಿನಲ್ಲಿ ಆಡಿಸಿತು, ನುಂಗಿತು.

ಬಹೋದಿರ್ ಚಪ್ಪಾಳೆ ತಟ್ಟಲು ಹೋದ. ಅಮ್ಮ ಅವನ ಕೈ ಹಿಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಬಟ್ಟಲಿನ ಬೀಜ ಮುಗಿಯುತ್ತ ಬಂದಾಗ ಓಯ್ದಿನ್ ತಾನೇ ತಾಷ್ಕೆಂಟಿಗೆ ಫೋನ್ ಹಚ್ಚಿದಳು.

“ಅಜ್ಜಿ, ಆಗ ನಾನು ಸುಳ್ಳು ಹೇಳಿದ್ದೆ. ಅವನು ಎರಡು ದಿನದಿಂದ ಏನೂ ತಿಂದಿರ್ಲಿಲ್ಲ. ಒಬ್ಬನೇ ಇದ್ರೆ ತಿನ್ನಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ. ಈಗ ನಮ್ ಜೊತೆ ತಿಂತಾ ಇದಾನೆ. ಬೆಳಿಗ್ಗೆ ಡಾಕ್ಟರಿಗೂ ತೋರಿಸ್ತೀವಿ.”

“ತಿಂದ್ನಲ್ಲ. ಸಾಕು ಬಿಡು ಮಗಳೇ,” ಎಂದಳು ಅಜ್ಜಿ.

“ನಿಮ್ದು ಊಟ ಆಯ್ತಾ ಅಜ್ಜಿ?”

“ನಂದೇನು. ಇವರೆಲ್ಲ ಕೆಲಸದಿಂದ ಬರೋದು ತಡ. ಒಬ್ಬಳಿಗೇ ತಿನ್ನೋಕೆ ಮನಸ್ಸೇ ಬರಲ್ಲ.”

ಓಯ್ದಿನ್ ಪಂಜರದ ಕಡೆ ನೋಡಿದಳು. ಆಮೇಲೆ ಸ್ಪೀಕರ್ ಒತ್ತಿ, ಫೋನನ್ನು ತನ್ನ ತಟ್ಟೆಗೂ ಪೈಲ್ವಾನನ ಬಟ್ಟಲಿಗೂ ನಡುವೆ ಇಟ್ಟಳು.

“ಇಡ್ಬೇಡಿ ಅಜ್ಜಿ. ಹೋಗಿ, ತಟ್ಟೆಗೆ ಏನಾದ್ರೂ ಹಾಕ್ಕೊಂಡು ಬನ್ನಿ. ನಮ್ದಿನ್ನೂ ಮುಗ್ದಿಲ್ಲ.”