ಗುಂಡಿಯೊಳಗಿನ ದನಿ

"ಗುಂಡ್ಯಾಗ ಯಾರ್ ಇಳೀತೀರಿ?"

ಭರಮಪ್ಪ ಹೀಗೆ ಕೇಳಿದಾಗ, ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಯ ಹಳೇ ಗೋದಾಮಿನಲ್ಲಿ ಕೆಮ್ಮು ಬಂದವರೂ ಅದನ್ನು ನುಂಗಿಕೊಂಡು ಕೂತರು. ಎದ್ದ ಕೈ ಒಂದೇ. ಕಾರಕೂನ ರಘೋತ್ತಮನದು.

ಯಮುನಾ ಸರಕ್ಕನೆ ಅವನತ್ತ ತಿರುಗಿದಳು.

ಗೋದಾಮಿನ ಉದ್ದಕ್ಕೂ ಸಾಗವಾನಿ ಹಲಗೆಯ ಬೌಲಿಂಗ್ ಓಣಿ. ಹಿಂದೆಂದೋ ಇದ್ದ ಇಂಗ್ಲಿಷ್ ಮ್ಯಾನೇಜರ್ ಹಾಕಿಸಿ ಹೋದದ್ದು. ಈ ತುದಿಯಿಂದ ಗುಂಡು ಉರುಳಿಸಿದರೆ ಆ ತುದಿಯ ಹತ್ತು ಪಿನ್ನು ಬೀಳಬೇಕು. ಪಿನ್ನುಗಳ ಹಿಂದಿನ ಗುಂಡಿಗೆ ಇಳಿದವನು ಅವನ್ನು ಎತ್ತಿ ನಿಲ್ಲಿಸಿ, ಮೇಲಿನ ಅಟ್ಟಣಿಗೆ ಹತ್ತಿ, ಹಲಗೆಗೆ ಟಕ್ ಟಕ್ ಎಂದು ಬಡಿಯಬೇಕು. ಬಡಿದ ಮೇಲೆಯೇ ಮುಂದಿನ ಗುಂಡು. ರಾಮದುರ್ಗದವನೊಬ್ಬ ಬಡಿತಕ್ಕೆ ಕಾಯದೆ ಉರುಳಿಸಿದ್ದರಿಂದ, ಆಗ ಗುಂಡಿಯಲ್ಲಿದ್ದ ಭರಮಪ್ಪ ಇವತ್ತಿಗೂ ಕುಂಟುತ್ತಾನೆ. ಆಮೇಲೆ ಪಿನ್ನುಗಳ ತಲೆಗೆ ಹಗ್ಗ ಬಂತು, ದೂರದಿಂದಲೇ ಜಗ್ಗಿ ನಿಲ್ಲಿಸಲು. ಮುಂಬಯಿಯಿಂದ ಬೆರಳು ತೂರಿಸುವ ಪ್ಲಾಸ್ಟಿಕ್ ಗುಂಡೂ ಬಂತು.

"ಒಂದು ಬಿದ್ರ ಹಗ್ಗ ಜಗ್ಗಿ ನಾಲ್ಕು ಬೀಳ್ತಾವ. ಪಿನ್ನೋ, ದಾವಣ್ಯಾಗಿನ ದನಾನೋ?" ಎಂದು ಈ ವರ್ಷ ಪಂದ್ಯದ ಕಮಿಟಿಯೊಂದಿಗೆ ಜಗಳವಾಡಿದವಳು ಯಮುನಾ, ಕನ್ಯಾಶಾಲೆಯ ಗಣಿತದ ಟೀಚರ್. ಅಪ್ಪ ಕಲಿಸಿದ, ತೂತಿಲ್ಲದ ಮರದ ಗುಂಡೇ ಬೇಕು, ಕೈಯಿಂದ ನಿಲ್ಲಿಸಿದ ಪಿನ್ನೇ ಬೇಕು ಎಂದು ಹಟ ಹಿಡಿದು ಗೆದ್ದಿದ್ದಳು. ಪಿನ್ನುಗಳ ಹಿಂದೆ ಒಬ್ಬ ಮನುಷ್ಯ ಕೂಡಬೇಕಾಗುತ್ತದೆ ಎಂಬ ಲೆಕ್ಕ ಮಾತ್ರ ಗಣಿತದ ಟೀಚರಿಗೆ ಹೊಳೆದಿರಲಿಲ್ಲ.

"ಯಾಕ ಕೈ ಎತ್ತಿದ್ರಿ?" ಹೊರಗೆ ಹತ್ತಿ ಅಂಡಿಗೆಗಳ ಮರೆಯಲ್ಲಿ ರಘೋತ್ತಮನನ್ನು ತಡೆದಳು.

"ಗುಂಡ್ಯಾಗ ಇಳೀಲಿಕ್ಕೆ ಗುಂಡಿಗಿ ಬೇಕ್ರಿ. ನಂದು ಹೆಂಗೂ ನಿಮ್ಮ ಹತ್ರನ ಅದ, ಕಳಕೊಳ್ಳೂದು ಏನದ?"

"ಚಾಷ್ಟಿ ಸಾಕು."

ಅವನು ಕೂಡಲೇ ಬಸ್ ಕಂಡಕ್ಟರನಾದ. ಮೂಗಿನಿಂದ ದನಿ ಎಳೆದು, "ಯರಗಟ್ಟಿ, ಸವದತ್ತೀ! ಬಾಜೂಕ ಒಂದು ಸೀಟು ಖಾಲಿ ಅದ ಬಾಯಾರ. ಜೀವನಪೂರ್ತಿ ಪ್ರವಾಸ, ಹತ್ರಿ ಹತ್ರಿ!"

ಧಾರವಾಡದಿಂದ ಅವನು ಬಿ.ಎ. ಜತೆಗೆ ಊರೂರಿನವರ ದನಿಗಳನ್ನೂ ಹೊತ್ತು ತಂದಿದ್ದ. ಅವಳನ್ನು ಹೊಗಳುವಾಗ ಹೆಡ್ಮಿಸ್ಟ್ರೆಸ್, ಮುನಿಸಿಕೊಂಡಾಗ ಪೋಸ್ಟಮಾಸ್ತರ. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ನಿಮ್ಮ ಸ್ವಂತ ದನೀಲೆ ಒಮ್ಮೆ ಕೇಳ್ರಿ. ಆವಾಗ ನೋಡೋಣು," ಎಂದಳು.

ಕಂಡಕ್ಟರನ ಬಾಯಿ ಮುಚ್ಚಿತು. ಕಿವಿ ಕೆಂಪಾಗಿಸಿಕೊಂಡು ರಘೋತ್ತಮ ಲೆಡ್ಜರು ನೆನಪಾದವನಂತೆ ಓಡಿಬಿಟ್ಟ.

ಪ್ರ್ಯಾಕ್ಟೀಸಿನ ದಿನಗಳಲ್ಲಿ ಅಂಜಿಕೆ ಅವಳ ಅಂಗೈಗೇ ಇಳಿಯಿತು. ಮರದ ಗುಂಡು ಹಲಗೆಯ ಮೇಲೆ ದೂರದ ಗುಡುಗಿನಂತೆ ಸಾಗುವಾಗ ಅವಳು ಪಿನ್ನು ನೋಡುತ್ತಿರಲಿಲ್ಲ; ಅಟ್ಟಣಿಗೆಯಿಂದ ಇಳಿಬಿದ್ದ ಎರಡು ಪಾದ ನೋಡುತ್ತಿದ್ದಳು. ಅವನೋ, ಮಂದಿಯನ್ನು ನಗಿಸಲು ಅಲ್ಲಿಂದಲೇ ಭರಮಪ್ಪನ ದನಿಯಲ್ಲಿ, "ಯಪ್ಪೋ, ಸತ್ತೆನ್ರಲೇ!" ಎಂದು ಒದರುತ್ತಿದ್ದ. ಗೋದಾಮು ಬಿದ್ದು ಬಿದ್ದು ನಗುತ್ತಿತ್ತು. ಅವಳು ಮಾತ್ರ ನಗುತ್ತಿರಲಿಲ್ಲ.

"ಹಂಗ ಒದರಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಕಾಲಿಗೆ ನೀವು ಬಿದ್ರ ಅಡ್ಡಿಯಿಲ್ಲ, ಗುಂಡು ಬೀಳಬಾರದು," ಎಂದು ಕಣ್ಣು ಮಿಟುಕಿಸಿದ್ದ.

ಪಂದ್ಯದ ದಿನ ಕಿತ್ತೂರು, ಸವದತ್ತಿಯ ತಂಡಗಳು ಮಧ್ಯಾಹ್ನಕ್ಕೇ ಸೋತವು. ಉಳಿದದ್ದು ರಾಮದುರ್ಗ. ಕೊನೆಯ ಗುಂಡು ಯಮುನಾಳದು. ಹತ್ತೂ ಬಿದ್ದರೆ ಬೈಲಹೊಂಗಲಕ್ಕೆ ಕಪ್.

ಪಿನ್ನು ನಿಂತವು. ಅವಳು ಗುಂಡನ್ನು ಅಂಗೈಗೆ ತೆಗೆದುಕೊಂಡು ಕಾದಳು. ಬೆಳಕು ಕಡಿಮೆ, ಇವತ್ತು ಪಾದಗಳು ಕಾಣಿಸಲಿಲ್ಲ.

ಟಕ್ ಟಕ್.

ಹೆಜ್ಜೆ ಇಟ್ಟಳು. ಕೈ ಹಿಂದಕ್ಕೆ ಹೋಯಿತು. ಮತ್ತೆ ಟಕ್, ಟಕ್ ಟಕ್, ಟಕಟಕ. ಅದರ ಹಿಂದೆಯೇ ಒಂದು ಕೂಗು:

"ಯಮುನಾ! ಒಗೀಬ್ಯಾಡ!"

ಗೋದಾಮು ಘೊಳ್ಳೆಂದಿತು. "ಭಲೆ ಭರಮಪ್ಪಾ!" ಎಂದು ಯಾರೋ ಸಿಳ್ಳೆ ಹೊಡೆದರು. ಭರಮಪ್ಪನೂ ನಕ್ಕ.

ಆದರೆ ಅದು ಭರಮಪ್ಪ ಅಲ್ಲ, ಕಂಡಕ್ಟರ್ ಅಲ್ಲ, ಪೋಸ್ಟಮಾಸ್ತರನೂ ಅಲ್ಲ. ಯಮುನಾ ಎಂದೂ ಕೇಳಿರದ, ಯಾವ ಬಣ್ಣವೂ ಇಲ್ಲದ, ನಡುಗುವ ದನಿ ಅದು.

ಕೈ ಆಗಲೇ ಮುಂದಕ್ಕೆ ಬರುತ್ತಿತ್ತು. ತೂತಿಲ್ಲದ ಗುಂಡು, ಹಿಡಿದು ನಿಲ್ಲಿಸಲು ಬೆರಳಿಗೆ ಆಸರೆಯಿಲ್ಲ. ಇನ್ನೊಂದು ಕೈಯನ್ನೂ ಹಾಕಿ, ಅದನ್ನು ಹೊಟ್ಟೆಗೆ ಅವುಚಿಕೊಂಡು ಧೊಪ್ಪನೆ ಬಿದ್ದಳು. ಮೊಣಕಾಲು ತರಚಿತು.

"ಫೌಲ್! ಫೌಲ್!" ರಾಮದುರ್ಗದವರು ಗೆದ್ದೆವೆಂದು ತಮಟೆ ಬಾರಿಸತೊಡಗಿದರು.

ಅವಳಿಗೆ ಅದೊಂದೂ ಕೇಳಿಸಲಿಲ್ಲ. ಸೀರೆ ಎತ್ತಿಕಟ್ಟಿ, ಯಾರೂ ಕಾಲಿಡದ ಓಣಿಯ ಮೇಲೆ ಓಡಿ, ಪಿನ್ನುಗಳನ್ನು ಕೈಯಿಂದಲೇ ಕೆಡವಿ ಒಳಗೆ ಬಗ್ಗಿದಳು.

ಅಟ್ಟಣಿಗೆಯ ಮೆಟ್ಟಿಲು ಮುರಿದಿತ್ತು. ರಘೋತ್ತಮನ ಕಾಲು ತೊಡೆಯವರೆಗೆ ಹಲಗೆಗಳ ನಡುವೆ ಸಿಕ್ಕಿತ್ತು. ತಲೆ ಸರಿಯಾಗಿ ನಡುವಿನ ಪಿನ್ನಿನ ಹಿಂದೆ. ನೆರವಿಗೆಂದು ಬಡಿದ ಮುಷ್ಟಿಯಲ್ಲಿ ರಕ್ತ.

ಭರಮಪ್ಪ ಕುಂಟುತ್ತ ಬಂದು ಹಲಗೆ ಕಿತ್ತ. "ನನ್ನಂಗ ಒದರಾಕ ಹತ್ಯಾನಂತ ನಾನೂ ನಕ್ಕೆ ಬಾಯಾರ. ನಿಮಗ ಹೆಂಗ ತಿಳೀತು?"

ಅವಳು ರಘೋತ್ತಮನ ಕಾಲನ್ನು ಮೆಲ್ಲಗೆ ಬಿಡಿಸಿದಳು. ಭರಮಪ್ಪ ನೀರು ತರಲು ಹೋದ.

ರಘೋತ್ತಮ ಬಾಯಿ ತೆರೆದ. ಕಂಡಕ್ಟರನನ್ನು ಕರೆದ, ಬರಲಿಲ್ಲ.

"ಭಾಳ ಅಂಜಿದ್ದೆ," ಎಂದ ಕೊನೆಗೆ.

"ಗುಂಡಿನ ಪೆಟ್ಟಿಗೇನು?"

"ಅದಕ್ಕ ಅಂಜಿದ್ದು ಇವತ್ತಷ್ಟೇ. ಬಾಕಿ ದಿನ ನಿನಗ. ನನ್ನ ದನೀಲೆ ಕೇಳಿ, ನೀ ಒಲ್ಲೆ ಅಂದ್ರ, ಆ 'ಒಲ್ಲೆ' ನನಗ ಹತ್ತತಿತ್ತು. ಕಂಡಕ್ಟರಗ ಅಲ್ಲ."

ಯಮುನಾ ಸೆರಗಿನ ಅಂಚು ಹರಿದು ಅವನ ಮುಷ್ಟಿಗೆ ಸುತ್ತಿದಳು. "ಈಗ ಕೇಳ್ರಿ."

ಅವನು ತನ್ನದೇ ದನಿಯಲ್ಲಿ ಕೇಳಿದ. ರಾಮದುರ್ಗದವರ ತಮಟೆಯ ಸದ್ದಿನಲ್ಲಿ ಅದು ಅವಳೊಬ್ಬಳಿಗೇ ಕೇಳಿಸಿತು.

ಅವಳು ಮಾತಿನ ಬದಲು ಬೆರಳು ಮಡಚಿ, ಅವನ ತಲೆಯ ಪಕ್ಕದ ಹಲಗೆಗೆ ಮೆಲ್ಲಗೆ ಬಡಿದಳು.

ಟಕ್ ಟಕ್.