ಒದ್ದೆ ಟವೆಲ್ಲಿನ ತೂಕ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಹೆರಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಠಾಣೆಗೆ ದೂರು ತಂದರು. ಸತ್ತು ಹುಟ್ಟಿದ ಮಗು ಒಂದು ಕಿಲೋ ತೂಗಿದರೆ ಅದು ನಿರ್ಜೀವ ಜನನ. ಎಣಿಕೆಗೆ ಬರುತ್ತದೆ, ದೇಹ ತಾಯಿಗೆ ಸಿಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಗರ್ಭಪಾತ. ದೇಹ ಆಸ್ಪತ್ರೆಯ ಕಸದೊಂದಿಗೆ ಹೋಗುತ್ತದೆ. ಯಾರೋ ತೂಕ ಹೆಚ್ಚಿಸುತ್ತಿದ್ದಾರೆ ಎಂಬುದು ದೂರು.

"ನಮ್ಮ ಲೆಕ್ಕ ಪಕ್ಕದೂರಿನ ದುಪ್ಪಟ್ಟು. ಮೇಲಿನವರು ನನ್ನ ಜೀವ ಹಿಂಡ್ತಿದಾರೆ," ಎಂದರು.

ಎಫ್‌ಐಆರ್ ದಾಖಲಾಯಿತು.

"ತೂಕದಲ್ಲಿ ಹೊಡೆಯೋರ್ನ ಹಿಡಿದಿದ್ದೀವಿ ಸಾರ್. ಜಾಸ್ತಿ ಹಾಕೋರು ಇದೇ ಮೊದಲು," ಎಂದ ಪೇದೆ. ಇನ್‌ಸ್ಪೆಕ್ಟರ್ ನಕ್ಕರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಆ ಬೆಳಿಗ್ಗೆ ಸತ್ತ ಕೂಸು ಹೆತ್ತ ಬಾಣಂತಿ ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ಮಡಿಲಲ್ಲಿ ಮಡಿಸಿದ ಹೊಸ ಬಟ್ಟೆ.

"ನಮ್ಮ ಕೂಸನ್ನ ಯಾವಾಗ ಕೊಡ್ತಾರಪ್ಪಾ?" ಎಂದರು ಅತ್ತೆ.

"ನೋಡ್ತೀವಮ್ಮ," ಎಂದು ಇನ್‌ಸ್ಪೆಕ್ಟರ್ ಒಳಗೆ ನಡೆದರು.

ತೂಕದ ಯಂತ್ರ ಸರಿಯಾಗಿಯೇ ಇತ್ತು.

"ಬೆಳಿಗ್ಗೆ ತೂಗಿದ್ದು ಯಾರು?"

"ನಾನೇ," ಎಂದರು ಹಿರಿಯ ನರ್ಸ್.

"ತೋರಿಸಿ ಸಿಸ್ಟರ್."

ಅವರು ಒಣ ಟವೆಲ್ ಇಟ್ಟು ಯಂತ್ರವನ್ನು ಸೊನ್ನೆಗೆ ತಂದರು. ಆಮೇಲೆ ಅದೇ ಟವೆಲ್ ಎತ್ತಿಕೊಂಡು, ರೂಢಿಯ ಬಲದಿಂದ, ನಲ್ಲಿಯ ಕಡೆ ತಿರುಗಿದರು.

"ನೀರು ಯಾಕೆ?"

"ಮೈ ಒರೆಸ್ತೀನಿ ಸಾರ್. ಹಾಗೇ ಹೇಗೆ ಕೊಡೋದು?"

"ಒರೆಸಿದ ಮೇಲೆ ಹಿಂಡದೆ ಅದರಲ್ಲೇ ಸುತ್ತಿ ತೂಗ್ತೀರಾ?"

ನರ್ಸ್ ಒಣ ಟವೆಲನ್ನು ಮಡಿಸಿ ಯಂತ್ರದ ಪಕ್ಕ ಇಟ್ಟರು.

ಇಬ್ಬರು ಪಂಚರ ಎದುರು, ಟವೆಲ್ ಇಲ್ಲದೆ, ಕೂಸನ್ನು ಮತ್ತೆ ತೂಗಲಾಯಿತು. ಒಂಬೈನೂರ ನಲವತ್ತು ಗ್ರಾಂ.

"ಇನ್ನೊಂದ್ಸಲ ನೋಡ್ರಿ," ಎಂದರು ಇನ್‌ಸ್ಪೆಕ್ಟರ್.

ಅಷ್ಟೇ ಬಂತು. ಪೇದೆಯ ಪೆನ್ನು ಓಡಲಿಲ್ಲ.

"ಬರಿಯಯ್ಯಾ."

ಪಂಚನಾಮೆ ಮುಗಿಯಿತು. ಇನ್‌ಸ್ಪೆಕ್ಟರ್ ಪಕ್ಕದಲ್ಲಿದ್ದ ದೊಡ್ಡ ಡಾಕ್ಟರನ್ನು ದನಿ ತಗ್ಗಿಸಿ ಕೇಳಿದರು: "ಇದೊಂದನ್ನ ಕೊಟ್ಬಿಡೋಕೆ ಆಗಲ್ವಾ ಡಾಕ್ಟ್ರೇ?"

"ಹೇಗೆ ಕೊಡ್ಲಿ? ತೂಗಿ ಸಹಿ ಹಾಕಿದ್ದು ನೀವೇ ಅಲ್ವಾ?"

ನರ್ಸನ್ನು ಹೊರಗೆ ಕರೆದೊಯ್ಯುವಾಗ ಅತ್ತೆ ಬಟ್ಟೆ ಹಿಡಿದು ಎದ್ದು ನಿಂತರು. "ತೂಗಿದ್ದಾಯ್ತಾ? ಇನ್ನಾದ್ರೂ ಕೊಡ್ತಾರಾ?"

ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಳ್ಳುತ್ತ ದಾಟಿ ಹೋದರು.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು.

"ಯಾಕೆ ಮಾಡಿದ್ರಿ ಸಿಸ್ಟರ್?" ಎಂದರು ಇನ್‌ಸ್ಪೆಕ್ಟರ್.

"ನನ್ನದನ್ನ ಮುಖ ನೋಡೋಕೂ ಬಿಡದೆ ಬಕೆಟ್ಟಲ್ಲಿ ತಗೊಂಡ್ಹೋದ್ರು ಸಾರ್. ಇದೇ ವಾರ್ಡಲ್ಲಿ."

ಪೇದೆ ತಲೆಯೆತ್ತದೆ ಮುಂದಿನ ವಿವರ ಕೇಳಿದ: "ಮಕ್ಕಳೆಷ್ಟು?"

"ಹೆತ್ತಿದ್ದು ಒಂದು. ನಿಮ್ಮ ಲೆಕ್ಕದಲ್ಲಿ ಎಷ್ಟಾಗುತ್ತೋ ಬರ್ಕೊಳ್ಳಿ."

ಪೇದೆ ಇನ್‌ಸ್ಪೆಕ್ಟರರ ಮುಖ ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು.